ಇನ್‌ಪುಟ್ ಕಡತದ ಕಾಲ
ಮೊದಲ ಅಂತಾರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್ ನಡೆದದ್ದು 1989ರಲ್ಲಿ, ಬಲ್ಗೇರಿಯದಲ್ಲಿ. ಮುಂದೆ ಇಂಥ ಪ್ರೋಗ್ರಾಮಿಂಗ್ ಸ್ಪರ್ಧೆಗಳಲ್ಲಿ ಒಂದು ಕಡತದಿಂದ ದತ್ತಾಂಶ ಓದಿ, ಇನ್ನೊಂದಕ್ಕೆ ಉತ್ತರ ಬರೆಯುವುದು ರೂಢಿಯಾಯಿತು. ಕಡತದ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಎಂಥ ಜಾಣ ಪ್ರೋಗ್ರಾಮಿಗೂ ಸೊನ್ನೆಯೇ!

2008ರ ಗೂಗಲ್ ಕೋಡ್ ಜಾಮ್ ಸ್ಪರ್ಧೆ ಆಟವನ್ನೇ ಬದಲಿಸಿತು. ಸ್ಪರ್ಧಿ ಇನ್‌ಪುಟ್ ಕಡತ ಇಳಿಸಿಕೊಂಡು, ತನ್ನದೇ ಕಂಪ್ಯೂಟರಿನಲ್ಲಿ ಓಡಿಸಿ, ಔಟ್‌ಪುಟ್ ಏರಿಸಬೇಕಿತ್ತು. ಚಿಕ್ಕ ಇನ್‌ಪುಟ್‌ಗೆ 4 ನಿಮಿಷ, ದೊಡ್ಡದಕ್ಕೆ 8. ಪ್ರೋಗ್ರಾಮಿಂಗ್ ಭಾಷೆ ಯಾವುದಾದರೂ ಸರಿ. ಕಾಸರಗೋಡಿನ ಬೆಳ್ಳೂರಿನಲ್ಲಿ ಕೂತವರಿಗೂ ಬಾಗಿಲು ತೆರೆದಿತ್ತು. ಆ ಎಂಟು ನಿಮಿಷ ಕರೆಂಟು, ನೆಟ್ ಕೈಕೊಡಬಾರದು, ಅಷ್ಟೆ.

2009ರಲ್ಲಿ ಶುರುವಾದ ಭಾರತದ ಸ್ಪರ್ಧಾತಾಣ ಕೋಡ್‌ಶೆಫ್, ಕಡತದ ಹೆಸರಿನ ಗೊಡವೆಯೇ ಇಲ್ಲದ ಸ್ಟ್ಯಾಂಡರ್ಡ್ ಇನ್‌ಪುಟ್ ದಾರಿ ಹಿಡಿಯಿತು. ಕೋಡ್ ಜಾಮ್ 2018ರಲ್ಲಿ ಅದೇ ದಾರಿಗೆ ಬಂತು. ಅಮೆರಿಕದ ಕಂಪ್ಯೂಟಿಂಗ್ ಒಲಿಂಪಿಯಾಡ್ ಮಾತ್ರ 2020ರ ಡಿಸೆಂಬರ್‌ವರೆಗೂ ಹಳೇ ಕಡತಗಳನ್ನು ಬಿಡಲಿಲ್ಲ.