ಒಂದೇ ಬೆರಳು, ಎರಡು ಸ್ವರ

ಕರ್ನಾಟಕ ಸಂಗೀತದ ಕೊಳಲಿನಲ್ಲಿ ಮೇಲಿನ ಎರಡು ತೂತು ಮುಚ್ಚಿ ಊದಿದರೆ ಷಡ್ಜ. ಒಂದನ್ನಷ್ಟೇ ಮುಚ್ಚಿದರೆ ಚತುಶ್ರುತಿ ರಿಷಭ, ಎಲ್ಲವನ್ನೂ ಬಿಟ್ಟರೆ ಅಂತರ ಗಾಂಧಾರ. ಮೊದಲ ತೂತನ್ನು ಅರ್ಧ ಮುಚ್ಚಿದರೆ ಸಾಧಾರಣ ಗಾಂಧಾರ. ಇಷ್ಟನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ನಾಟ ರಾಗಕ್ಕೆ ಬಂದಾಗ ಅದೇ ಅರ್ಧ ಮುಚ್ಚಿದ ತೂತನ್ನು ತೋರಿಸಿ ‘ಇದು ಷಟ್‌ಶ್ರುತಿ ರಿಷಭ’ ಎಂದರೆ ಬೆರಳು ಅಲ್ಲೇ ನಿಲ್ಲುತ್ತದೆ. “ಮೇಷ್ಟ್ರೇ, ಖರಹರಪ್ರಿಯದಲ್ಲಿ ಇದನ್ನೇ ಗ ಅಂದಿದ್ರಲ್ಲ?” ಕೊಳಲು ಪಾಠ ಹೇಳುವ ನನಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಇನ್ನೊಂದಿಲ್ಲ. ಇದಕ್ಕೆ ಉತ್ತರ ಹುಡುಕುತ್ತಾ ಹೊರಟರೆ ವಿಜಯನಗರಕ್ಕೆ ಹೋಗಿ ಮುಟ್ಟುತ್ತೇವೆ.

13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ಏಳು ಶುದ್ಧ ಸ್ವರ, ಹನ್ನೆರಡು ವಿಕೃತ ಸ್ವರಗಳನ್ನು ಹೇಳಿದ್ದ. ವಿಜಯನಗರದಲ್ಲಿ ಅಳಿಯ ರಾಮರಾಯನ ಕಾಲದಲ್ಲಿ, 1550ರಲ್ಲಿ, ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಬರೆದಾಗ ಈ ಪಟ್ಟಿಯನ್ನು ವೀಣೆಯ ಮೇಲಿಟ್ಟು ನೋಡಿದ. ವಿಕೃತ ಸ್ವರಗಳನ್ನು ಏಳಕ್ಕೆ ಇಳಿಸಿದ. ಮೆಟ್ಟಿಲು ಕಟ್ಟಿದ ವೀಣೆಯಲ್ಲಿ ಕೆಲವು ಸ್ವರಗಳು ಒಂದೇ ತಾಣಕ್ಕೆ ಬಂದು ಕೂರುವುದನ್ನು ಕಂಡು ಅದನ್ನು ಬಿಚ್ಚಿ ಹೇಳಿದ: ಶುದ್ಧ ಗಾಂಧಾರವೇ ಪಂಚಶ್ರುತಿ ರಿಷಭ, ಸಾಧಾರಣ ಗಾಂಧಾರವೇ ಷಟ್‌ಶ್ರುತಿ ರಿಷಭ, ಶುದ್ಧ ನಿಷಾದವೇ ಪಂಚಶ್ರುತಿ ಧೈವತ, ಕೈಶಿಕಿ ನಿಷಾದವೇ ಷಟ್‌ಶ್ರುತಿ ಧೈವತ. ಆತ ಪಂಚಶ್ರುತಿ ಎಂದದ್ದನ್ನೇ ನಾವು ಇಂದು ಚತುಶ್ರುತಿ ಎನ್ನುತ್ತೇವೆ. ಆ ನಾಲ್ಕು ಜೋಡಿ ಇಂದಿಗೂ ಹಾಗೆಯೇ ಉಳಿದಿವೆ. ಹನ್ನೆರಡು ಸ್ವರಸ್ಥಾನ, ಹದಿನಾರು ಹೆಸರು ಎಂದು ನಾವು ಹೇಳಿಕೊಡುವ ಲೆಕ್ಕದ ಬೇರು ಅಲ್ಲಿದೆ.

ಗ್ರಂಥ ಬಂದ ಹದಿನೈದೇ ವರ್ಷಕ್ಕೆ, 1565ರಲ್ಲಿ, ತಾಳಿಕೋಟೆಯ ಯುದ್ಧದಲ್ಲಿ ರಾಮರಾಯ ಸತ್ತ, ನಗರ ಹಾಳಾಯಿತು. ಸಂಗೀತ ಶಾಸ್ತ್ರದ ಚಿಂತನೆ ತಂಜಾವೂರಿನ ನಾಯಕರ ಆಸ್ಥಾನದಲ್ಲಿ ಮುಂದುವರಿಯಿತು. ಅಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡ ಮನೆತನದವರು. ಅವರ ಮಗ ವೆಂಕಟಮಖಿ 17ನೇ ಶತಮಾನದಲ್ಲಿ ‘ಚತುರ್ದಂಡೀ ಪ್ರಕಾಶಿಕೆ’ ಬರೆದು 72 ಮೇಳಗಳ ಲೆಕ್ಕ ಕೊಟ್ಟರು. ಅವರ ಕಾಲದಲ್ಲಿ ಬಳಕೆಯಲ್ಲಿದ್ದ ಮೇಳಗಳು 19 ಮಾತ್ರ. ಉಳಿದವು ಲೆಕ್ಕದಿಂದ ಹುಟ್ಟಿ, ರಾಗಗಳಿಗಾಗಿ ಕಾದು ನಿಂತವು.

ಆ ಲೆಕ್ಕವನ್ನು ಶಿಷ್ಯರ ಕೈಯಲ್ಲೇ ಮಾಡಿಸುತ್ತೇನೆ. ಮೇಳದಲ್ಲಿ ಸ ರಿ ಗ ಮ ಪ ದ ನಿ ಏಳೂ ಇರಬೇಕು, ಒಂದು ಹೆಸರು ಎರಡು ಸಲ ಬರಕೂಡದು, ಒಂದೂ ತಪ್ಪಕೂಡದು. ಪ್ರತಿ ತಾಣಕ್ಕೂ ಒಂದೇ ಹೆಸರು ಎಂದಿಟ್ಟುಕೊಂಡರೆ ಎರಡು ರಿಷಭ, ಎರಡು ಗಾಂಧಾರ ಸೇರಿ ನಾಲ್ಕು ಜೋಡಿ. ಧೈವತ–ನಿಷಾದಗಳಿಂದಲೂ ನಾಲ್ಕು. ಮಧ್ಯಮ ಎರಡು. ನಾಲ್ಕು ನಾಲ್ಕಲಿ ಹದಿನಾರು, ಹದಿನಾರು ಎರಡಲಿ 32. ಎರಡೆರಡು ಹೆಸರಿಗೆ ಒಪ್ಪಿಕೊಂಡ ಕೂಡಲೇ ಶುದ್ಧ ರಿಷಭ–ಶುದ್ಧ ಗಾಂಧಾರ, ಷಟ್‌ಶ್ರುತಿ ರಿಷಭ–ಅಂತರ ಗಾಂಧಾರ ಎಂಬ ಹೊಸ ಜೋಡಿಗಳು ಸೇರಿ ನಾಲ್ಕು ಆರಾಗುತ್ತದೆ. ಆರು ಆರಲಿ 36, ಎರಡು ಮಧ್ಯಮಕ್ಕೆ 72. ಹೆಚ್ಚಿಗೆ ಬಂದ ಆ 40 ಮೇಳಗಳೇ ನಮ್ಮ ವಿವಾದಿ ಮೇಳಗಳು. ಕನಕಾಂಗಿ, ಚಲನಾಟ, ಝಾಲವರಾಳಿ ಎಲ್ಲವೂ ಆ ಗುಂಪಿನವು. ಎರಡನೇ ಹೆಸರನ್ನು ಅಳಿಸಿಬಿಟ್ಟರೆ ಮೇಳಕರ್ತದ ಅರ್ಧಕ್ಕಿಂತ ಹೆಚ್ಚು ಭಾಗ ಕಾಣೆಯಾಗುತ್ತದೆ.

ವಿವಾದಿ ರಾಗಗಳಿಗೆ ಹಿರಿಯರು ಅಂಜುತ್ತಿದ್ದರು. ವರಾಳಿಯನ್ನು ಗುರು ನೇರವಾಗಿ ಶಿಷ್ಯನಿಗೆ ಪಾಠ ಮಾಡಿದರೆ ಇಬ್ಬರೂ ಅಗಲುತ್ತಾರೆ ಎಂಬ ನಂಬಿಕೆಯೂ ಇತ್ತು. ಆದರೂ ತ್ಯಾಗರಾಜರು ಪಂಚರತ್ನಕ್ಕೆ ನಾಟ, ವರಾಳಿ ಎರಡನ್ನೂ ಆರಿಸಿಕೊಂಡರು. ಕೋಟೀಶ್ವರ ಅಯ್ಯರ್ 72 ಮೇಳಗಳಲ್ಲೂ ಕೃತಿ ಕಟ್ಟಿದರು.

ವೀಣೆಯ ಮೆಟ್ಟಿಲು ಒಪ್ಪಿಸಿದ ಈ ಲೆಕ್ಕ ಕೊಳಲಿಗೆ ಹೇಗೆ ಹೊಂದಿತು? ಕೊಳಲಿಗೆ ಮೆಟ್ಟಿಲಿಲ್ಲ. ಬೆರಳು ಒಂದೆಳೆ ಸರಿದರೆ, ತುಟಿ ಒಂದಿಷ್ಟು ತಿರುಗಿದರೆ ಶ್ರುತಿ ಬದಲಾಗುತ್ತದೆ. ಕುಂಭಕೋಣದ ಶರಭ ಶಾಸ್ತ್ರಿಗಳು (1872–1904) ಕಣ್ಣು ಕಾಣದಿದ್ದರೂ ಕೊಳಲನ್ನು ಕಚೇರಿಯ ಮುಖ್ಯ ವಾದ್ಯವಾಗಿ ಕೂರಿಸಿದರು. ಅವರ ದಾರಿಯನ್ನು ಪಲ್ಲಡಂ ಸಂಜೀವ ರಾಯರು ಬೆಳೆಸಿದರು. ಆಮೇಲೆ ಬಂದ ಟಿ. ಆರ್. ಮಹಾಲಿಂಗಂ (1926–1986), ನಮ್ಮೆಲ್ಲರ ಮಾಲಿ, ಬೆರಳಿಡುವ ರೀತಿಯನ್ನೇ ಬದಲಿಸಿ ಗಾಯಕರ ಗಮಕವನ್ನು ಬಿದಿರಿಗೆ ತಂದರು. ಗಮಕ ಕೊಳಲಿಗೆ ಬಂದ ಮೇಲೆ ಎರಡು ಹೆಸರುಗಳ ವ್ಯತ್ಯಾಸ ಕಿವಿಗೂ ಕೇಳಿಸತೊಡಗಿತು. ಖರಹರಪ್ರಿಯದ ಗಾಂಧಾರ ರಿಷಭದಿಂದ ಎದ್ದು ಮಧ್ಯಮದತ್ತ ಓಲಾಡುತ್ತದೆ. ನಾಟದ ಇಳಿಕೆಯಲ್ಲಿ ‘ಪ ಮ ರಿ ಸ’ ಎನ್ನುವಾಗ ರಿಷಭ ಮಧ್ಯಮದಿಂದ ಜಾರಿ ಬಂದು ಷಡ್ಜಕ್ಕೆ ಇಳಿಯುತ್ತದೆ. ಮುಚ್ಚುವ ತೂತು ಅದೇ, ಬೆರಳು ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ.

ಯೂರೋಪಿನ ಕೊಳಲಿಗರೂ ಇದೇ ಪ್ರಶ್ನೆಯನ್ನು ಎದುರಿಸಿದ್ದಾರೆ. ಪಿಯಾನೊದಲ್ಲಿ ಡಿ ಶಾರ್ಪ್, ಇ ಫ್ಲ್ಯಾಟ್ ಎರಡಕ್ಕೂ ಒಂದೇ ಕಪ್ಪು ಮನೆ. ಪ್ರಷ್ಯದ ದೊರೆ ಫ್ರೆಡರಿಕ್‌ಗೆ ಕೊಳಲು ಕಲಿಸಿದ ಕ್ವಾಂಟ್ಸ್ ಅವೆರಡೂ ಒಂದೇ ಎಂದು ಒಪ್ಪಲಿಲ್ಲ. ಇ ಫ್ಲ್ಯಾಟ್ ಕೂದಲೆಳೆಯಷ್ಟು ಮೇಲಿರಬೇಕೆಂದು ತನ್ನ ಕೊಳಲಿಗೆ ಎರಡನೆಯ ಕೀಲಿ ಹಾಕಿಸಿದ, 1752ರ ತನ್ನ ಪುಸ್ತಕದಲ್ಲಿ ಅದಕ್ಕೆ ಕಾರಣ ಕೊಟ್ಟ. 1847ರಲ್ಲಿ ಬೋಮ್ ರೂಪಿಸಿದ ಹೊಸ ಲೋಹದ ಕೊಳಲಿನಲ್ಲಿ ಎರಡಕ್ಕೂ ಮತ್ತೆ ಒಂದೇ ಕೀಲಿ ಆಯಿತು. ಅವರಲ್ಲಿ ವ್ಯತ್ಯಾಸ ವಾದ್ಯದಿಂದ ಹೋಗಿ ಬರಹದಲ್ಲಿ ಉಳಿಯಿತು. ನಮ್ಮಲ್ಲಿ ಅದು ರಾಗದ ನಡೆಯಲ್ಲಿ ಜೀವಂತವಾಗಿದೆ.

ಹೀಗಾಗಿ ಪಾಠ ಹೇಳುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟು. ಮಕ್ಕಳು ಈ ಪ್ರಶ್ನೆ ಕೇಳಿದಾಗ ‘ಅದೂ ಇದೂ ಒಂದೇ, ಊದು’ ಎಂದು ಸುಮ್ಮನಾಗಿಸಬೇಡಿ. ಕೊಳಲನ್ನು ಕೆಳಗಿಡಿಸಿ ಮೊದಲು ಖರಹರಪ್ರಿಯದ ಗಾಂಧಾರವನ್ನು, ಆಮೇಲೆ ನಾಟದ ರಿಷಭವನ್ನು ಬಾಯಲ್ಲಿ ಹಾಡಿಸಿ. ಹಾಡಲು ಬಂದ ಸ್ವರವನ್ನು ಬೆರಳು ತಾನೇ ಹುಡುಕಿಕೊಳ್ಳುತ್ತದೆ.