ಹೆಗಲ ಮೇಲಿನ ಲಾಂಛನ: ಚಳವಳಿಯ ಗುರುತು ಮತ್ತು ಮಾರಾಟದ ಸರಕು

ಚಳವಳಿಯ ಸದಸ್ಯರು ಅದರ ಹೆಸರು, ಚಿಹ್ನೆ ಅಚ್ಚಾದ ಶಾಲು, ಟೋಪಿ, ಟೀ-ಶರ್ಟುಗಳನ್ನು ಕೊಂಡು ತೊಡಬೇಕೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಪ್ರಚಾರದ ಲೆಕ್ಕದಲ್ಲಿ ಎತ್ತಲಾಗುತ್ತದೆ: ಗುರುತು ಹೆಚ್ಚು ಜನರ ಕಣ್ಣಿಗೆ ಬಿದ್ದಷ್ಟೂ ಲಾಭ, ಅಷ್ಟೇ. ಈ ಲೇಖನದ ವಾದ ಬೇರೆ. ತೊಟ್ಟವನ ಮೇಲೆ ಗುರುತು ಯಾವ ಹೊಣೆ ಹೊರಿಸುತ್ತದೆ, ಆ ಹೊಣೆ ತಪ್ಪಿದಾಗ ಕೇಳುವ ಹಕ್ಕು ಯಾರಿಗಿದೆ ಎಂಬುದರಿಂದ ಅದರ ಯೋಗ್ಯತೆಯನ್ನು ಅಳೆಯಬೇಕು. ದುಡ್ಡು ಕೊಟ್ಟ ಯಾರಿಗಾದರೂ ಸಿಗುವ ಗುರುತು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಇದಕ್ಕೆ ಐಹೊಳೆಯ ಆಸುಪಾಸಿನಲ್ಲೇ ಪುರಾವೆಗಳಿವೆ. ಆ ಊರಿನ ಹೆಸರನ್ನೇ ಹೊತ್ತ ವರ್ತಕರ ಸಂಘವನ್ನು ಚಳವಳಿ ಎನ್ನಲಾಗದು, ನಿಜ. ಆದರೂ ಒಂದೇ ಹೆಸರಿನ ಕೆಳಗೆ ದೇಶಾಂತರ ಸಂಚರಿಸಿದ ಸಂಘಟನೆಗೆ ಅಯ್ಯಾವೊಳೆ ಐನೂರ್ವರಿಗಿಂತ ದೊಡ್ಡ ಹಳೆಯ ನಿದರ್ಶನ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ. ಸುಮಾತ್ರಾದ ಬಾರೂಸ್ ಬಳಿ ಸಿಕ್ಕಿರುವ 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಅವರ ಹಲವು ಶಾಸನಗಳಲ್ಲಿ ತಮ್ಮ ಧ್ವಜವನ್ನೂ ಬಣಂಜು ಧರ್ಮವನ್ನೂ, ಅಂದರೆ ವರ್ತಕರ ಕಟ್ಟುಪಾಡನ್ನೂ, ಕೊಂಡಾಡಿಕೊಳ್ಳುವ ಪ್ರಶಸ್ತಿಯ ಬೆನ್ನಿಗೇ ಇಂಥ ಸರಕಿನ ಹೇರಿಗೆ ಇಷ್ಟು ಎಂದು ದೇವಾಲಯಕ್ಕೆ ಬಿಟ್ಟ ಆಯದ ವಿವರ ಬರುತ್ತದೆ. ಬಿರುದಾವಳಿ ಎಷ್ಟೇ ಉದ್ದವಿರಲಿ, ತೆರಬೇಕಾದ ಲೆಕ್ಕವೊಂದು ಅದಕ್ಕೆ ಅಂಟಿಕೊಂಡೇ ಇತ್ತು.

ಹುನಗುಂದ ಸೀಮೆಯ ಕೂಡಲಸಂಗಮದ ಜೊತೆ ಹೆಸರು ಬೆಸೆದುಕೊಂಡ ಶರಣ ಚಳವಳಿ ಈ ವಿಚಾರವನ್ನು ಇನ್ನಷ್ಟು ಆಳಕ್ಕೆ ಒಯ್ದಿತು. ಮೈಮೇಲೆ ಧರಿಸುವ ಇಷ್ಟಲಿಂಗ ದೀಕ್ಷೆಯ ಮೂಲಕ ಗುರುವಿನ ಕೈಯಿಂದ ಬರುತ್ತದೆ. ಅದನ್ನಿಡುವ ಬೆಳ್ಳಿಯ ಕರಡಿಗೆ ಅಂಗಡಿಯಲ್ಲಿ ಸಿಕ್ಕೀತು, ದೀಕ್ಷೆ ಸಿಗದು. ಲಾಂಛನವನ್ನು ಗೌರವಿಸಿದ ವಚನಕಾರರೇ ನಡೆಯಿಲ್ಲದ ಲಾಂಛನಧಾರಿಗಳನ್ನು ಜಾಡಿಸಿದ್ದಾರೆ, ಅಂಬಿಗರ ಚೌಡಯ್ಯನಂತೂ ಯಾರ ಮುಲಾಜನ್ನೂ ಇಟ್ಟುಕೊಳ್ಳಲಿಲ್ಲ. ಅದೇ ಪರಂಪರೆಯ ಇತ್ತೀಚಿನ ರೂಪವನ್ನು ಇಳಕಲ್ಲಿನಲ್ಲಿ ಕಾಣಬಹುದು. ಚಿತ್ತರಗಿ-ಇಳಕಲ್ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಸ್ವಾಮೀಜಿ 1970ರ ದಶಕದಿಂದ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು, ಕೇರಿಕೇರಿ ತಿರುಗಿ ದುಶ್ಚಟಗಳ ಭಿಕ್ಷೆ ಬೇಡಿದರು. ಬೀಡಿ ಕಟ್ಟು, ತಂಬಾಕಿನ ಚೀಟು ಜೋಳಿಗೆಗೆ ಬೀಳುತ್ತಿದ್ದವು. ಕುಡಿತ ಬಿಡುವ ಮಾತೂ ಅದರೊಳಗೇ ಸೇರುತ್ತಿತ್ತು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಮಹಾಂತ ಜೋಳಿಗೆ ಎಂಬ ಈ ಚಳವಳಿಯ ಗುರುತು ಒಂದು ಬಟ್ಟೆಯ ಚೀಲ, ಅಷ್ಟೇ. ಅದನ್ನು ಯಾರೂ ಕೊಳ್ಳಬೇಕಿರಲಿಲ್ಲ, ತಮ್ಮಲ್ಲಿದ್ದದ್ದನ್ನು ಅದಕ್ಕೆ ಹಾಕಬೇಕಿತ್ತು. ಹಾಕಿದವನು ಮತ್ತೆ ಅಂಗಡಿಯ ಮುಂದೆ ನಿಂತರೆ ಊರೇ ಕೇಳುತ್ತಿತ್ತು.

ಉಡುಗೆಯನ್ನೇ ಸದಸ್ಯತ್ವದ ಕರಾರಾಗಿ ಮಾಡಿದ ಅತಿ ದೊಡ್ಡ ಪ್ರಯೋಗಕ್ಕೂ ಕರ್ನಾಟಕದ ನೆಲವೇ ಸಾಕ್ಷಿ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್, ನಾಲ್ಕಾಣೆ ಚಂದಾದ ಬದಲು ತಿಂಗಳಿಗೆ 2000 ಗಜ ನೂಲನ್ನು ಸದಸ್ಯತ್ವದ ಶುಲ್ಕವನ್ನಾಗಿ ಒಪ್ಪಿಕೊಂಡಿತು. ರಾಜಕೀಯ ಸಂದರ್ಭಗಳಲ್ಲಿ ಖಾದಿ ಉಡುವುದೂ ನಿಯಮವಾಯಿತು. ಆದರೆ ಸ್ವತಃ ನೂಲಲು ಮನಸ್ಸಿಲ್ಲದವರು ಬೇರೆಯವರು ನೂತದ್ದನ್ನು ತಂದೊಪ್ಪಿಸಬಹುದೆಂಬ ಸಡಿಲಿಕೆಯೂ ಅದರಲ್ಲೇ ಇತ್ತು. ವರ್ಷ ತುಂಬುವ ಮೊದಲೇ, 1925ರ ಸೆಪ್ಟೆಂಬರಿನಲ್ಲಿ, ಪಾಟ್ನಾದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ನಾಲ್ಕಾಣೆಯ ದಾರಿಯನ್ನು ಮತ್ತೆ ತೆರೆಯಿತು. ನೂಲುವ ಕೆಲಸ ಅಖಿಲ ಭಾರತ ಚರಕಾ ಸಂಘಕ್ಕೆ ಹೋಯಿತು, ಉಡುವ ಗುರುತು ಕಾಂಗ್ರೆಸ್ಸಿನಲ್ಲಿ ಉಳಿಯಿತು. ಬೆಳಗಾವಿಯ ಆ ಸಡಿಲಿಕೆ ವ್ಯಾವಹಾರಿಕವಾಗಿ ಅನಿವಾರ್ಯವಿದ್ದೀತು. ಆದರೆ ಗುರುತಿಗೂ ದುಡಿಮೆಗೂ ಇದ್ದ ಗಂಟು ಸಡಿಲಗೊಂಡದ್ದು ಅಲ್ಲೇ. ಮುಂದಿನ ದಶಕಗಳಲ್ಲಿ ಖಾದಿ ಜುಬ್ಬಾ ಅಧಿಕಾರಸ್ಥರ ಸಮವಸ್ತ್ರವಾದದ್ದಕ್ಕೆ ವ್ಯಕ್ತಿಗಳ ಚಾರಿತ್ರ್ಯವೊಂದನ್ನೇ ದೂರುವವರು ಈ ನಿಯಮಾವಳಿಯನ್ನು ಗಮನಿಸಿದಂತಿಲ್ಲ.

ಹಸಿರು ಶಾಲಿನ ಕಥೆ ಇನ್ನೂ ಹತ್ತಿರದ್ದು. ಐಹೊಳೆಯನ್ನು ಬಳಸಿ ಹರಿಯುವ ಮಲಪ್ರಭೆಗೆ ಸವದತ್ತಿಯ ಬಳಿ ಕಟ್ಟಿದ ಅಣೆಕಟ್ಟಿನ ನೀರು ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ, ಜಮೀನು ಸುಧಾರಿಸಿತೆಂದು ಹೇರುವ ಬೆಟರ್‌ಮೆಂಟ್ ಲೆವಿ ಮತ್ತು ನೀರಿನ ಕರ ಬಂದವು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಅದನ್ನು ವಿರೋಧಿಸಿದ ರೈತರ ಮೇಲೆ ಗೋಲಿಬಾರ್ ಆಯಿತು. ಅದರ ಕಾವಿನಲ್ಲೇ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮುಂತಾದವರ ನೇತೃತ್ವದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. ರೈತನ ಹೆಗಲ ಮೇಲೆ ಟವೆಲ್ಲೋ ವಲ್ಲಿಯೋ ಮೊದಲೇ ಇತ್ತು, ಅದೇ ಜಾಗಕ್ಕೆ ಹಸಿರು ಶಾಲು ಬಂತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂದು ಹಳ್ಳಿಯ ಬಾಗಿಲಲ್ಲಿ ಬೋರ್ಡು ನೆಟ್ಟ ಕಾಲ ಅದು. ಶಾಲು ಹೊದ್ದವನು ಜಪ್ತಿಗೆ ಬಂದವರೆದುರು ನಿಲ್ಲಲೇಬೇಕಿತ್ತು, ಲಾಠಿಗೂ ಜೈಲಿಗೂ ತಯಾರಿರಬೇಕಿತ್ತು. ಈ ಅಪಾಯವೇ ಅದರ ಬೆಲೆಯಾಗಿತ್ತು. ನೇಯ್ಗೆ, ಸಾಗಾಟದ ಖರ್ಚಷ್ಟೇ ಬೆಲೆಯಾದಾಗ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. 2008ರ ಮೇ 30ರಂದು ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ದೇವರ ಹಾಗೂ ರೈತರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರ ಕೇಳಲು ಸೇರಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. 2018ರ ಮೇ 17ರಂದು ಅವರು ಮತ್ತೆ ಪ್ರಮಾಣವಚನ ಸ್ವೀಕರಿಸಿದಾಗ ಹೆಗಲ ಮೇಲೆ ಹಸಿರು ಶಾಲೇ ಇತ್ತು. ಒಬ್ಬರನ್ನೇ ಬೊಟ್ಟುಮಾಡಿ ಫಲವಿಲ್ಲ. ಚುನಾವಣೆ ಹತ್ತಿರವಾದರೆ ಎಲ್ಲ ಪಕ್ಷದವರ ಹೆಗಲೂ ಹಸಿರಾಗುತ್ತದೆ. ಇದನ್ನು ತಡೆಯುವ ಹಕ್ಕು ರೈತ ಸಂಘಕ್ಕೆ ಯಾವ ನಿಯಮದಲ್ಲೂ ಇರಲಿಲ್ಲ. ಬಸ್ ನಿಲ್ದಾಣದ ಬಟ್ಟೆ ಅಂಗಡಿಯಲ್ಲಿ ಸಿಗುವ ಶಾಲಿಗೆ ವಾರಸುದಾರರು ಯಾರು?

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ತಾಲ್ಲೂಕು ಕಚೇರಿಯ ಟೇಬಲ್ಲಿನ ಮುಂದೆ ಒಂಟಿಯಾಗಿ ನಿಂತ ಬಡ ರೈತನಿಗೆ ಶಾಲು ದನಿ ಕೊಟ್ಟಿದೆ. ಅವನ ಹಿಂದೆ ಕಾಣದ ಒಂದು ಗುಂಪು ನಿಂತಿದೆಯೆಂದು ಗುಮಾಸ್ತನಿಗೆ ಗೊತ್ತಾಗುತ್ತದೆ. ದಲಿತ ಸಂಘರ್ಷ ಸಮಿತಿಯ ನೀಲಿ ಶಾಲಿನ ವಿಷಯದಲ್ಲಿ ಈ ಮಾತು ಇನ್ನೂ ನಿಜ. ಹೆಗಲ ಮೇಲೆ ವಸ್ತ್ರ ಹಾಕಿಕೊಳ್ಳುವುದನ್ನೇ ಸೊಕ್ಕು ಎಂದು ನೋಡುತ್ತಿದ್ದ ಊರುಗಳಲ್ಲಿ ಅದನ್ನು ಹೊದೆಯುವುದೇ ಒಂದು ಕೃತಿ. ಇದನ್ನು ಪೂರ್ತಿ ಒಪ್ಪಬೇಕು. ಆದರೆ ಆ ಬಲ ಬರುವುದು ಗುಂಪು ನಿಜವಾಗಿ ಬಂದೀತೆಂಬ ಭಯದಿಂದ. ಶಾಲು ಎಲ್ಲರದೂ ಆದಾಗ, ಅದರ ಹಿಂದೆ ಗುಂಪು ಬರುವುದಿಲ್ಲವೆಂದು ಗುಮಾಸ್ತನೂ ಕಲಿತುಬಿಡುತ್ತಾನೆ. ಚಳವಳಿಗೆ ಹಣ ಬೇಡವೇ ಎಂಬುದು ಇನ್ನೊಂದು ಆಕ್ಷೇಪ. ಬೇಕು. ಆದರೆ ಮಾರುವ ಸರಕು ಬಟ್ಟೆಯೇ ಆಗಬೇಕಿಲ್ಲ. ದಲಿತ ಚಳವಳಿ ‘ಪಂಚಮ’ದಂಥ ಪತ್ರಿಕೆಯನ್ನು ಜನರ ಕೈಗಿತ್ತಿತು; ಓದುವ ಸರಕು ಕೊಂಡವನನ್ನು ಚರ್ಚೆಗೆ ಎಳೆಯುತ್ತದೆ, ಟೀ-ಶರ್ಟಿಗೆ ಆ ಗುಣವಿಲ್ಲ.

ಉಳಿದದ್ದು ಗುರುತಿನ ಬಟ್ಟೆಯನ್ನು ನೇಯುವವರ ಪ್ರಶ್ನೆ. ರಾಷ್ಟ್ರಧ್ವಜದ ಖಾದಿ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಮಗ್ಗಗಳಿಂದ ಹುಬ್ಬಳ್ಳಿಯ ಬೆಂಗೇರಿಗೆ ಹೋಗುತ್ತದೆ. ಧ್ವಜ ಸಂಹಿತೆಗೆ 2021ರ ಡಿಸೆಂಬರಿನಲ್ಲಿ ತಂದ ತಿದ್ದುಪಡಿ ಯಂತ್ರದ, ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ಕೊಟ್ಟಿತು; ಚಿಹ್ನೆ ಅದೇ ಉಳಿಯಿತು, ನೂತವರ ಪಾಲು ಕಡ್ಡಾಯವಾಗಿ ಉಳಿಯಲಿಲ್ಲ. ಬಹುರಾಷ್ಟ್ರೀಯ ಕಂಪನಿಗಳನ್ನು ವಿರೋಧಿಸಿ 1992ರಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ, 1996ರಲ್ಲಿ ಕೆಎಫ್‌ಸಿ ಮಳಿಗೆಗೆ ಕೈಹಾಕಿದ ರೈತ ಸಂಘ ತನ್ನ ಶಾಲು ಎಲ್ಲಿ ನೇಯಲ್ಪಡುತ್ತದೆ ಎಂದು ಕೇಳಿಕೊಳ್ಳುವುದು ನ್ಯಾಯವೇ. ಇಳಕಲ್, ಗುಳೇದಗುಡ್ಡಗಳ ಕೈಮಗ್ಗದವರು ಪವರ್‌ಲೂಮಿನ ಎದುರು ಸೋಲುತ್ತಿರುವ ಹೊತ್ತಿನಲ್ಲಿ ಗ್ರಾಮ ಘಟಕವೊಂದು ಅವರಿಂದ ಶಾಲು ನೇಯಿಸಿ, ಸದಸ್ಯತ್ವದ ರಸೀದಿಯ ಜೊತೆಗಷ್ಟೇ ಕೊಟ್ಟು, ಮಾತು ತಪ್ಪಿದವನಿಂದ ಸಭೆಯಲ್ಲೇ ವಾಪಸು ಪಡೆಯುವ ಪದ್ಧತಿ ಅಸಾಧ್ಯವೇನಲ್ಲ. ಬೆಲೆ ಹೆಚ್ಚಾಗುತ್ತದೆ, ಆಗ ಕಡಿಮೆ ಶಾಲುಗಳಿರುತ್ತವೆ, ಅದರಿಂದ ನಷ್ಟವಿಲ್ಲ. ನಿಜವಾದ ತೊಡಕು ಬೇರೆ ಕಡೆಯಿದೆ. ಸಂಘ ಹಲವು ಬಣಗಳಾಗಿ ಒಡೆದಿದೆ, ಎಲ್ಲ ಬಣಗಳ ಹೆಗಲ ಮೇಲೂ ಅದೇ ಹಸಿರಿದೆ. ಒಂದು ಬಣ ಕಿತ್ತುಕೊಂಡ ಶಾಲನ್ನು ಇನ್ನೊಂದು ಬಣ ಮರುದಿನವೇ ಹಾರದ ಜೊತೆ ಹೊದಿಸಬಹುದು. ಆದ್ದರಿಂದ ಶಾಲಿನ ನಿಯಮವನ್ನು ಬಣಗಳೆಲ್ಲ ಒಟ್ಟಿಗೆ ಕೂತು ಮಾಡಬೇಕಾಗುತ್ತದೆ. ಪ್ರತಿ ಜುಲೈ 21ಕ್ಕೆ ನರಗುಂದ, ನವಲಗುಂದಗಳ ಹುತಾತ್ಮರ ನೆನಪಿಗೆ ಅವರು ಬರುವುದಂತೂ ಇದ್ದೇ ಇದೆ.