ಕಾಣದ ತುದಿಯ ಲೆಕ್ಕ

ಪ್ರೋಟಾನಿನ ಸ್ಪಿನ್ ಅರ್ಧ. ಅದರೊಳಗಿನ ಮೂರು ಕ್ವಾರ್ಕ್‌ಗಳ ಸ್ಪಿನ್ನೂ ತಲಾ ಅರ್ಧ. ಎರಡು ಒಂದು ಕಡೆಗೆ, ಮೂರನೆಯದು ಎದುರಿಗೆ ತಿರುಗಿದರೆ ಲೆಕ್ಕ ಸರಿಹೋಗುತ್ತದೆ ಎಂದು ನಾನೂ ಕಲಿತಿದ್ದೆ. ಆ ಲೆಕ್ಕ ತಪ್ಪಿದ್ದು ಎಲ್ಲಿ ಎಂದು ತಿಳಿಯಲು ಹಳೆಯ ಪ್ರಬಂಧಗಳನ್ನು ತೆಗೆದು ಕುಳಿತೆ.

ಎಲ್ಲರೂ ಬೆರಳು ತೋರಿಸುವುದು 1988ರ ಪ್ರಬಂಧದ ಕಡೆಗೆ. ಸರ್ನ್‌ನ ಯುರೋಪಿಯನ್ ಮ್ಯುಆನ್ ತಂಡ ಸ್ಪಿನ್ ಒಂದೇ ದಿಕ್ಕಿಗೆ ಜೋಡಿಸಿದ ಮ್ಯುಆನ್‌ಗಳನ್ನು ಅದೇ ರೀತಿ ಜೋಡಿಸಿದ ಅಮೋನಿಯಾದೊಳಗಿನ ಪ್ರೋಟಾನುಗಳಿಗೆ ಡಿಕ್ಕಿ ಹೊಡೆಸಿತು. 1974ರಲ್ಲಿ ಎಲ್ಲಿಸ್ ಮತ್ತು ಜಾಫೆ ಕೊಟ್ಟ ಸೂತ್ರದ ಪ್ರಕಾರ ಅಳತೆಗಳನ್ನು ಕೂಡಿದಾಗ ಬರಬೇಕಾದ ಮೊತ್ತ 0.189, ಬಂದದ್ದು 0.114. ಅದರಿಂದ ಲೆಕ್ಕ ಹಾಕಿದರೆ ಕ್ವಾರ್ಕ್‌ಗಳ ಪಾಲು ಪ್ರೋಟಾನಿನ ಸ್ಪಿನ್ನಿನಲ್ಲಿ ಶೇಕಡಾ 14 ಮಾತ್ರ! ‘ಸ್ಪಿನ್ ಬಿಕ್ಕಟ್ಟು’ ಎಂಬ ಹೆಸರು ಬಿದ್ದದ್ದು ಆಗಲೇ. ಆದರೆ ಆ 14ರ ಪಕ್ಕದಲ್ಲೇ ಎರಡು ದೋಷಮಿತಿಗಳಿವೆ: 9 ಮತ್ತು 21. ಇಷ್ಟು ಅಗಲದ ದೋಷಮಿತಿ ಇಟ್ಟುಕೊಂಡ ಸಂಖ್ಯೆಯನ್ನು ಹೀಗೆ ಒಂಟಿಯಾಗಿ ಮೆರೆಸಬಾರದಿತ್ತು. ಮುಂದಿನ ಅಳತೆಗಳಲ್ಲಿ ಅದು ಸುಮಾರು 30ಕ್ಕೆ ಏರಿತು. ಆದರೂ ಕೊರತೆ ನಿಜವೇ.

ನನ್ನನ್ನು ಹೆಚ್ಚು ಕಾಡಿದ್ದು ಅದಕ್ಕೂ ಹಿಂದಿನ ಕಡತ. 1976 ಮತ್ತು 1983ರಲ್ಲಿ ಅಮೆರಿಕದ ಸ್ಲಾಕ್ ಪ್ರಯೋಗಾಲಯದಲ್ಲಿ ವರ್ನನ್ ಹ್ಯೂಸ್ ತಂಡ ಎಲೆಕ್ಟ್ರಾನುಗಳಿಂದ ಇದನ್ನೇ ಅಳೆದಿತ್ತು, ಸೂತ್ರಕ್ಕೂ ಅಳತೆಗೂ ಜಗಳವಿರಲಿಲ್ಲ. ಹ್ಯೂಸ್ ಹೆಸರು 1988ರ ಲೇಖಕರ ಪಟ್ಟಿಯಲ್ಲೂ ಇದೆ. ಹಾಗಾದರೆ ಯಾರದು ತಪ್ಪು? ಎರಡೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟಾಗ ಉತ್ತರ ಕಂಡಿತು. ಪೆಟ್ಟು ತಿಂದ ಕ್ವಾರ್ಕ್ ಪ್ರೋಟಾನಿನ ಸಂವೇಗದಲ್ಲಿ ಎಷ್ಟು ಪಾಲು ಹೊತ್ತಿತ್ತು ಎಂಬುದೇ ‘ಎಕ್ಸ್’. ಸ್ಲಾಕ್ 0.1ಕ್ಕಿಂತ ಕೆಳಗೆ ನೋಡಿರಲಿಲ್ಲ, ಸರ್ನ್ 0.01ರವರೆಗೆ ಇಳಿಯಿತು. ಇಬ್ಬರೂ ನೋಡಿದ ಕಡೆ ಅಳತೆಗಳು ಹೊಂದುತ್ತವೆ. ಕೊರತೆ ಬಿದ್ದದ್ದು ಸ್ಲಾಕ್ ನೋಡದ ತುದಿಯಲ್ಲಿ. ತಪ್ಪು ಯಾರದೂ ಅಲ್ಲ.

ಉಳಿದ ಪಾಲು ಕ್ವಾರ್ಕ್‌ಗಳನ್ನು ಅಂಟಿಸಿಡುವ ಗ್ಲುವಾನುಗಳಲ್ಲಿದೆಯೇ? ಲಾಂಗ್ ಐಲೆಂಡ್‌ನ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ 3.8 ಕಿ.ಮೀ. ಸುತ್ತಳತೆಯ ರಿಕ್ ಎಂಬ ವೇಗವರ್ಧಕ ಉಂಗುರದಲ್ಲಿ ಧ್ರುವೀಕೃತ, ಅಂದರೆ ಸ್ಪಿನ್ ಜೋಡಿಸಿದ, ಪ್ರೋಟಾನುಗಳನ್ನೇ ಎದುರುಬದುರು ಡಿಕ್ಕಿ ಹೊಡೆಸಿದ್ದು ಇದಕ್ಕಾಗಿ. ಸುತ್ತುವಾಗ ಸ್ಪಿನ್ ದಾರಿ ತಪ್ಪದಂತೆ ಕಾಯುವ ಸುರುಳಿ ಅಯಸ್ಕಾಂತಗಳಿಗೆ ‘ಸೈಬೀರಿಯಾದ ಹಾವು’ ಎನ್ನುತ್ತಾರೆ. ಆ ಉಪಾಯ ಹುಟ್ಟಿದ್ದು ನೊವೊಸಿಬಿರ್ಸ್ಕ್‌ನಲ್ಲಿ. ಹಾವು ಪ್ರತಿ ಸಲ ಸ್ಪಿನ್ನನ್ನು ಮಗುಚಿ ಹಾಕುವುದರಿಂದ ಒಂದು ಸುತ್ತಿನಲ್ಲಿ ಬಿದ್ದ ಪೆಟ್ಟು ಮುಂದಿನದರಲ್ಲಿ ವಜಾ ಆಗುತ್ತದೆ.

2009ರ ಡಿಕ್ಕಿಗಳನ್ನು ಸೇರಿಸಿಕೊಂಡ 2014ರ ವಿಶ್ಲೇಷಣೆ ಗ್ಲುವಾನುಗಳ ಪಾಲನ್ನು ಸುಮಾರು 0.2 ಎಂದಿತು. ಬೇಕಾದ ಅರ್ಧದಲ್ಲಿ ಇದು ದೊಡ್ಡ ತುಂಡು. ಅಳತೆಯ ವ್ಯಾಪ್ತಿ ಹುಡುಕಿದೆ: ಎಕ್ಸ್ 0.05ಕ್ಕಿಂತ ಮೇಲೆ. ಅಲ್ಲೊಂದು ಚಿತ್ರವಿದೆ. ಅಡ್ಡಗೆರೆಯಲ್ಲಿ 0.05ರ ಮೇಲಿನ ಪಾಲು, ಲಂಬಗೆರೆಯಲ್ಲಿ ಅದರ ಕೆಳಗಿನದು. ಹೊಸ ದತ್ತಾಂಶ ಬಂದು ಸಂಶಯದ ವಲಯ ಅಡ್ಡಕ್ಕೆ ಕಿರಿದಾಗಿದೆ. ಉದ್ದಕ್ಕೆ ಮಾತ್ರ ಇನ್ನೂ ಚಾಚಿಕೊಂಡೇ ಇದೆ.